ಹೆದರುವ ಕಾರ್ಯದರ್ಶಿ

ನಮ್ಮ ವಿದ್ಯಾರ್ಥಿ ಸಂಘ ಒಂದು ಸ್ಮರಣ ಸಂಚಿಕೆ ತರುತ್ತಿದೆಯಂತೆ. ಈಗಿನ ಕಾರ್ಯದರ್ಶಿ ಹುಡುಗಿ ಫೋನ್ ಮಾಡಿ, "ಸರ್, ಹಳೇ ಮಿನಿಟ್ಸ್ ಬುಕ್ಕಲ್ಲಿ ಒಬ್ಬರ ಹ್ಯಾಂಡ್‌ರೈಟಿಂಗ್ ಎಷ್ಟು ಚೆನ್ನಾಗಿದೆ ಗೊತ್ತಾ? ಅವರ ಬಗ್ಗೆ ಅರ್ಧ ಪೇಜ್ ಬರ್ಕೊಡ್ತೀರಾ? ಸ್ವಲ್ಪ ಪಾಸಿಟಿವ್ ಆಗಿರ್ಲಿ" ಎಂದಳು. ಒಪ್ಪಿಕೊಂಡೆ. ಮೂರು ವಾರ ಒದ್ದಾಡಿದೆ. ಅವರ ಬಗ್ಗೆ ಒಳ್ಳೆಯದನ್ನು ಬರೆಯುವುದು ಕಷ್ಟವಲ್ಲ. ಆದರೆ ಅರ್ಧ ಪುಟಕ್ಕೆ ಹಿಡಿಸಬೇಕಾದರೆ ನನ್ನ ಪಾಲಿನದನ್ನು ಬಿಟ್ಟುಬಿಡಬೇಕಾಗುತ್ತದೆ. ಸಂಚಿಕೆಗೆ ಬೇರೆ ಯಾರಾದರೂ ಬರೆಯಲಿ. ಇದು ನಾನು ಬರೆಯಬೇಕಾದದ್ದು.

ಅವರಿಗೆ ತಿಳಿಸದೆ ಬರೆಯುವುದು ಸರಿಯಲ್ಲವೆಂದು ಮೆಸೇಜ್ ಹಾಕಿದ್ದೆ. "ಬರಿ ಮಾರಾಯ. ಹೆಸರು ಮಾತ್ರ ಹಾಕ್ಬೇಡ. ಅಮ್ಮ ಓದಿದ್ರೆ ಅಷ್ಟು ಹಿಂದಿನದ್ದಕ್ಕೆ ಈಗ ಕೂತು ಹೆದರ್ತಾರೆ" ಎಂದು ಉತ್ತರ ಬಂತು.

ಹೆದರಿಕೆ ಅವರ ಮನೆಯಲ್ಲೇ ಇತ್ತೋ ಏನೋ. ಸಂಘದಲ್ಲಂತೂ ಅವರಷ್ಟು ಹೆದರುವವರು ಇನ್ನೊಬ್ಬರಿರಲಿಲ್ಲ. ಯಾವ ಸಭಾಂಗಣಕ್ಕೆ ಹೋದರೂ ಮೊದಲು ಹೊರಹೋಗುವ ಬಾಗಿಲು ಎಲ್ಲಿದೆ ಎಂದು ನೋಡುತ್ತಿದ್ದರು. ಟ್ರಾಮ್‌ನ ಬಾಗಿಲು ಮುಚ್ಚುವಾಗ ದುಪಟ್ಟಾದ ತುದಿಯನ್ನು ಎರಡು ಸಲ ಮುಷ್ಟಿಗೆ ಸುತ್ತಿಕೊಳ್ಳುತ್ತಿದ್ದರು. ನಾವಿಬ್ಬರೂ ನೆದರ್ಲ್ಯಾಂಡ್ಸ್‌ನ ವೂರ್‌ಬರ್ಗ್‌ನಲ್ಲಿ ಎರಡು ಬೀದಿಗಳ ಅಂತರದಲ್ಲಿದ್ದೆವು. ಡೆಲ್ಫ್ಟ್‌ನ ಕಾಲೇಜಿನಿಂದ ಒಟ್ಟಿಗೆ ವಾಪಸು ಬಂದು ಅವರವರ ಮನೆಗೆ ಹೋದ ಹತ್ತು ನಿಮಿಷಕ್ಕೆ ನನ್ನ ಫೋನು ಬಡಿದುಕೊಳ್ಳುತ್ತಿತ್ತು: "ಮನೆ ಮುಟ್ಟಿದ್ಯಾ?" ನಾಲ್ಕು ನಿಮಿಷದ ನಡಿಗೆಗೆ!

ಎಲ್ಲಕ್ಕಿಂತ ಹೆಚ್ಚಾಗಿ ಅವರು ಸರ್ಕಾರಿ ಲಕೋಟೆಗಳಿಗೆ ಹೆದರುತ್ತಿದ್ದರು. ವಲಸೆ ಇಲಾಖೆಯ ಕಾಗದ ಬಂದರೆ ತಾವೇ ಒಡೆಯುತ್ತಿರಲಿಲ್ಲ. ನಮ್ಮ ಮನೆಯ ಬೆಲ್ ಒತ್ತಿ, ಲಕೋಟೆಯನ್ನು ನನ್ನ ಕೈಗಿಟ್ಟು, ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. "ಒಡೆದು ಓದು. ಕೆಟ್ಟದ್ದಾದ್ರೆ ಮೊದಲು ನೀರು ಕೊಟ್ಟು ಆಮೇಲೆ ಹೇಳು." ಪ್ರತಿ ಸಲವೂ ಅದು ವಿಳಾಸ ಖಚಿತಪಡಿಸಿ ಎನ್ನುವಂಥ ಏನೋ ಸಣ್ಣ ವಿಚಾರವಾಗಿರುತ್ತಿತ್ತು.

ಅವರು ಮಂಗಳೂರಿನಿಂದ ಉತ್ತರಕ್ಕಿರುವ ಒಂದು ಮೀನುಗಾರಿಕೆ ಬಂದರಿನವರು. ತಂದೆ ಅಲ್ಲಿನ ಐಸ್ ಪ್ಲಾಂಟಿನಲ್ಲಿ ಮೇಲ್ವಿಚಾರಕರು. ಮನೆಮಾತು ತುಳು. ನಾನು ಎಂ.ಎಸ್. ಮಾಡಲು ಮೈಸೂರಿನಿಂದ ಬಂದಾಗ ಅವರು ಡೆಲ್ಫ್ಟ್‌ನಲ್ಲಿ ಮಣ್ಣಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದರು, ನನಗಿಂತ ಆರು ವರ್ಷ ದೊಡ್ಡವರು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಹಿಂದಿನಿಂದ ಕೆಲವರು ಪುಕ್ಕಲಕ್ಕ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. "ಹೆದರಿಕೆ ಇದ್ರೆ ಎಂತ ತಪ್ಪು? ನನ್ನ ಹೆದರಿಕೆ ನಾನು ಯಾರ ತಲೆಗೂ ಕಟ್ಟುದಿಲ್ಲ" ಎಂದು ಒಮ್ಮೆ ನನ್ನೊಡನೆ ಹೇಳಿದ್ದರು. ಹಾಗೆ ಹೇಳಿದವರು ಕುಣಿಯಲು ನಿಂತರೆ ಮಾತ್ರ ಬೇರೆಯೇ ಮನುಷ್ಯರು. ಮುಡಿ ಬಿಚ್ಚಿ ಬೆನ್ನಿಗೆ ಬಿದ್ದರೂ ನಿಲ್ಲಿಸುತ್ತಿರಲಿಲ್ಲ. ಅವರ ಜೊತೆ ಕುಣಿದು ಸುಸ್ತಾಗಿ ಗೋಡೆಗೆ ಒರಗಿದವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಸಂಘದ ವಿಷಯ ಹೇಳಬೇಕು. ನೆದರ್ಲ್ಯಾಂಡ್ಸ್‌ನ ಬೇರೆ ಬೇರೆ ಊರುಗಳ ಕಾಲೇಜುಗಳಲ್ಲಿ ಓದುವ ನಮ್ಮ ಕಡೆಯವರೆಲ್ಲ ಸೇರಿ ಮಾಡಿಕೊಂಡದ್ದು ಅದು. ಊರಿಗೊಂದು ಶಾಖೆ. ಸೇರಿದವರೆಲ್ಲ ಒಡಹುಟ್ಟಿದವರಂತೆ ಇರಬೇಕೆಂದು ಒಂದು ಪ್ರತಿಜ್ಞೆ. ಓದು ಮುಗಿಸಿ ಕೆಲಸಕ್ಕೆ ಸೇರಿದವರೂ ಬಿಟ್ಟುಹೋಗುತ್ತಿರಲಿಲ್ಲ. ಅವರಿಂದಲೇ ಹೊಸಬರಿಗೆ ಮನೆ, ಕೆಲಸ ಎಲ್ಲ ಸಿಗುತ್ತಿದ್ದುದು. ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಕಡಲತೀರದ ನೂರ್ಡ್‌ವೈಕ್‌ನ ಮರಳದಿಬ್ಬಗಳ ಹಿಂದಿರುವ ಒಂದು ಬಾಡಿಗೆ ಶಿಬಿರದಲ್ಲಿ ಮೂರು ದಿನ ರಾಷ್ಟ್ರೀಯ ಸಮಾವೇಶ. ಹಗಲೆಲ್ಲ ಕಲಾಪ: ಶಾಖೆಗಳ ವರದಿ, ನಿರ್ಣಯಗಳು, ಚುನಾವಣೆ. ಸಂಜೆಯಾದರೆ ಅಂತ್ಯಾಕ್ಷರಿ, ಡ್ಯಾನ್ಸು, ತೊಂಬತ್ತು ಜನಕ್ಕೆ ಬಿಸಿಬೇಳೆಬಾತು. ಕಲಾಪದ ಹೊತ್ತಿನಲ್ಲಿ ಕಾರ್ಯದರ್ಶಿಯಾದ ಅಕ್ಕ ವೇದಿಕೆಯ ಎಡತುದಿಯಲ್ಲಿ ಕೂತು ನಡಾವಳಿ ಬರೆಯುತ್ತಿದ್ದರು. ಲ್ಯಾಪ್‌ಟಾಪ್ ಇದ್ದರೂ ಕೈಯಲ್ಲೇ. ಬೆರಳುಗಳು ನಡುಗುತ್ತಿದ್ದವು, ಅಕ್ಷರಗಳು ಮಾತ್ರ ಮುತ್ತಿನಂತೆ ದುಂಡಗೆ ಬೀಳುತ್ತಿದ್ದವು. ಅದು ಹೇಗೆ ಸಾಧ್ಯ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸಮಾವೇಶದ ಕೊನೆಯ ದಿನ, ಭಾನುವಾರ ಬೆಳಿಗ್ಗೆ, ಹೊಸ ಸದಸ್ಯರನ್ನು ನೀರಿಗಿಳಿಸುವ ಪದ್ಧತಿಯಿತ್ತು. ಇಲ್ಲಿನ ಡಚ್ ವಿದ್ಯಾರ್ಥಿ ಸಂಘಗಳಲ್ಲಿ ಹೊಸಬರನ್ನು ಗೋಳಾಡಿಸುವುದನ್ನು ನೋಡಿ ನಮ್ಮವರಲ್ಲೊಬ್ಬರು ಯಾವಾಗಲೋ ಶುರುಮಾಡಿದ್ದು. ಹೊಸಬರೆಲ್ಲ ಕೈಕೈ ಹಿಡಿದು ಎದೆಮಟ್ಟದ ನೀರಿಗೆ ಹೋಗಿ, ಸಂಘದ ಹೆಸರನ್ನು ಮೂರು ಸಲ ಕೂಗಿ ಬರಬೇಕು. ಆಮೇಲೇ ಅವರು ನಮ್ಮವರು. ನಾನೂ ಹಾಗೇ ಸೇರಿದವನು. ಚಳಿಯಲ್ಲಿ ಹಲ್ಲು ಕಟಕಟಿಸುತ್ತ ಬಂದಾಗ ಅಕ್ಕ ದಡದಲ್ಲಿ ಟವೆಲುಗಳ ರಾಶಿ ಹಿಡಿದು ನಿಂತಿದ್ದರು. ಅವರ ಮುಖ ನನ್ನದಕ್ಕಿಂತ ಹೆಚ್ಚು ಬಿಳಿಚಿಕೊಂಡಿತ್ತು.

ಅದಕ್ಕೆ ಕಾರಣವನ್ನು ಅವರು ಹೇಳಿದ್ದು ಮೂರು ವರ್ಷದ ಮೇಲೆ, ಸಮಾವೇಶಕ್ಕೆ ಎರಡು ವಾರವಿರುವಾಗ, ರೈಲಿನಲ್ಲಿ.

"ನಿಮಗೆಲ್ಲ ಸಮುದ್ರ ಅಂದ್ರೆ ಪಿಕ್ನಿಕ್. ನಾನು ಸಣ್ಣವಳಿರುವಾಗ ಡಿಸೆಂಬರಲ್ಲಿ ಘಟ್ಟದ ಮೇಲಿಂದ ಟೂರ್ ಬಸ್ಸು ಬರ್ತಿತ್ತು. ಕಾಲೇಜಿನ ಮಕ್ಕಳು. ಬಸ್ಸಿಂದ ಇಳಿದವರೇ ಚಪ್ಪಲಿ ಬಿಟ್ಟು ಓಡುದು. ಒಂದು ಸಲ ಸಂಜೆ ಎಲ್ಲರೂ ಚಪ್ಪಲಿ ಹಾಕಿಕೊಂಡು ಹೋದ್ರು, ಎರಡು ಜೋಡಿ ಅಲ್ಲೇ ಉಳಿಯಿತು. ನಂಗೆ ಹನ್ನೊಂದು ವರ್ಷ. ಅದನ್ನು ಯಾರು ತೆಗಿತಾರೆ ಅಂತ ಕಾದು ನಿಂತಿದ್ದೆ."

ಆಮೇಲೆ, "ಇಲ್ಲಿಯೂ ದಡದ ಹತ್ರವೇ ನೀರು ಒಳಗೆ ಎಳಿತದೆ. ಮೇಲಿಂದ ನೋಡಿದ್ರೆ ಆ ಜಾಗವೇ ಶಾಂತ ಕಾಣುದು. ಈ ಸಲ ಇದನ್ನು ನಿಲ್ಲಿಸ್ಲಿಕ್ಕೆ ನಿರ್ಣಯ ತರ್ತೇನೆ. ನೀನು ಅನುಮೋದನೆ ಮಾಡ್ತೀಯಾ?" ಎಂದರು.

"ಮಾಡ್ತೀನಕ್ಕ. ಖಂಡಿತ" ಎಂದೆ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು.

ಆ ಶರತ್ಕಾಲದಲ್ಲಿ ನನಗೆ ನನ್ನದೇ ಭಯವಿತ್ತು. ಓದು ಮುಗಿದಿತ್ತು. ಕೆಲಸ ಹುಡುಕಿಕೊಳ್ಳಲು ಕೊಟ್ಟಿದ್ದ ಒಂದು ವರ್ಷದ ಪರ್ಮಿಟ್ಟಿನಲ್ಲಿ ಎರಡೂವರೆ ತಿಂಗಳು ಉಳಿದಿತ್ತು. ಎಪ್ಪತ್ತೋ ಎಂಬತ್ತೋ ಅರ್ಜಿ ಹಾಕಿ, ಎಲ್ಲ ಕಡೆಯಿಂದಲೂ ವಿನಯದ ನಿರಾಕರಣೆ ಓದಿ, ಬೆಳಿಗ್ಗೆ ಇಮೇಲ್ ತೆರೆಯುವುದನ್ನು ಮಧ್ಯಾಹ್ನಕ್ಕೆ ಮುಂದೂಡತೊಡಗಿದ್ದೆ. ಉಳಿದಿದ್ದ ಒಂದೇ ಆಸೆ ನಮ್ಮ ಸಂಘದ ಅಧ್ಯಕ್ಷ. ಬೆಂಗಳೂರಿನವನು. ಬೆಸ್ಟ್ ಎಂಬ ಊರಿನ ಹತ್ತಿರದ ಒಂದು ಕಂಪನಿಯಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದ, ಎಷ್ಟೋ ಜನಕ್ಕೆ ಅಲ್ಲಿ ದಾರಿ ಮಾಡಿಕೊಟ್ಟಿದ್ದ. ಕೆಟ್ಟವನೆಂದು ನಾನು ಹೇಳಲಾರೆ. ನಗುನಗುತ್ತ ಮಾತಾಡುವವನು. ಅವನ ನಗೆ ನಿಲ್ಲುವುದನ್ನು ನೋಡಲು ಯಾರಿಗೂ ಇಷ್ಟವಿರಲಿಲ್ಲ, ಅಷ್ಟೆ.

ಶುಕ್ರವಾರ ಸಂಜೆ ಊಟಕ್ಕೆ ಕೂತಾಗ ತಟ್ಟೆ ಹಿಡಿದು ಬಂದು ನನ್ನ ಪಕ್ಕದಲ್ಲೇ ಕೂತ.

"ಮಗಾ, ನಿನ್ನ ಸಿವಿ ನಮ್ಮ ಮ್ಯಾನೇಜರ್‌ಗೆ ಕೊಟ್ಟಿದ್ದೀನಿ. ಮಂಡೇ ಕೂತು ಮಾತಾಡ್ತೀನಿ. ಟೆನ್ಷನ್ ಬಿಡು."

ಥ್ಯಾಂಕ್ಸ್ ಹೇಳಿದೆ. ಹಪ್ಪಳ ಮುರಿಯುತ್ತ, ಅದೇ ದನಿಯಲ್ಲಿ ಮುಂದುವರಿಸಿದ: "ಅಕ್ಕ ನಾಳೆ ಏನೋ ರೆಸಲ್ಯೂಷನ್ ತರ್ತಾರಂತೆ. ಸೀ ಡಿಪ್ ನಿಲ್ಲಿಸ್ಬೇಕಂತೆ. ಇಷ್ಟು ವರ್ಷದ ಟ್ರೆಡಿಷನ್ನು. ಅವರಿಗೇನೋ ಭಯ, ಸರಿ. ಆದ್ರೆ ಯಾರೋ ಸೆಕೆಂಡ್ ಮಾಡ್ತೀನಿ ಅಂದಿದ್ದಾರಂತಲ್ಲ, ಯಾರಿರಬಹುದು ಗುರು?"

"ಗೊತ್ತಿಲ್ಲ" ಎಂದೆ. ಅವನು ನನ್ನ ಬೆನ್ನು ತಟ್ಟಿ ಎದ್ದುಹೋದ. ತಲೆಯೆತ್ತಿದರೆ ಆ ತುದಿಯ ಟೇಬಲ್ಲಿನಿಂದ ಅಕ್ಕ ನನ್ನ ಕಡೆಗೇ ನೋಡುತ್ತಿದ್ದರು. ನಾನು ಉಪ್ಪಿನಕಾಯಿ ಹುಡುಕುವವನಂತೆ ಬಗ್ಗಿದೆ.

ಶನಿವಾರ ಹನ್ನೊಂದು ಗಂಟೆಗೆ ನಿರ್ಣಯ ಬಂತು. ಅಕ್ಕ ಎದ್ದು ನಿಂತು ಓದಿದರು. ಹಾಳೆ ಎಷ್ಟು ನಡುಗುತ್ತಿತ್ತೆಂದರೆ ಮುಂದಿನ ಸಾಲಿನ ಯಾರೋ ಕಿಸಕ್ಕನೆ ನಕ್ಕರು. ಹೊಸ ಸದಸ್ಯರನ್ನು ಸಮುದ್ರಕ್ಕೆ ಇಳಿಸುವ ಪದ್ಧತಿಯನ್ನು ಈ ಸಮಾವೇಶದಿಂದಲೇ ಕೈಬಿಡತಕ್ಕದ್ದು. ಒಂದೇ ವಾಕ್ಯ. ಓದಿ, ನಿಂತೇ ಇದ್ದರು.

"ಸೂಚಕರಿದ್ದಾರೆ. ಅನುಮೋದಕರು ಯಾರು?" ಎಂದು ಅಧ್ಯಕ್ಷ ಕೇಳಿದ.

ಅವನು ಅವಸರ ಮಾಡಲಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಬ್ಬೊಬ್ಬರ ಮುಖವನ್ನೂ ನಗುತ್ತ ನೋಡಿದ. ನನ್ನ ಬಲಗೈ ತೊಡೆಯ ಮೇಲಿತ್ತು. ಅದನ್ನು ಎತ್ತಬೇಕು ಎಂದುಕೊಂಡೆ. ಎತ್ತುತ್ತೇನೆ ಎಂದೂ ಅಂದುಕೊಂಡೆ. ಅವನ ಕಣ್ಣು ನನ್ನ ಮೇಲೆ ಬಂದು, ಒಂದು ಗಳಿಗೆ ನಿಂತು, ಮುಂದೆ ಹೋಯಿತು. ಕೈ ಅಲ್ಲೇ ಇತ್ತು. ಎಲ್ಲೂ ಯಾವ ಕೈಯೂ ಏಳಲಿಲ್ಲ.

"ಅನುಮೋದಕರಿಲ್ಲ. ನಿರ್ಣಯ ಬಿದ್ದುಹೋಗಿದೆ. ನೆಕ್ಸ್ಟ್."

ಅಕ್ಕ ಕೂತರು. ಪೆನ್ನು ತೆಗೆದುಕೊಂಡು ಅದನ್ನೇ ನಡಾವಳಿಯಲ್ಲಿ ಬರೆದರು. ಮಧ್ಯಾಹ್ನ ನಾನು ಊಟಕ್ಕೆ ಹೋಗಲಿಲ್ಲ.

ಆ ಸಂಜೆ ಅಂತ್ಯಾಕ್ಷರಿ ಶುರುವಾಗುವ ಮೊದಲು ಅವರು ಒಂದು ವಿಚಿತ್ರ ಕೆಲಸ ಮಾಡಿದರು. ಇಪ್ಪತ್ತೆರಡು ಜನ ಹೊಸಬರನ್ನು ಸಭಾಂಗಣದ ನೆಲದ ಮೇಲೆ ಅಂಗಾತ ಮಲಗಿಸಿದರು. "ನೀರು ಎಳೆದ್ರೆ ದಡದ ಕಡೆ ಈಜ್ಲಿಕ್ಕೆ ಹೋಗ್ಬೇಡಿ. ಸುಸ್ತಾಗಿ ಮುಳುಗ್ತೀರಿ. ಹೀಗೆ ಮಲಗಿ, ಬಾಯಿ ಮೇಲೆ. ಒಂದು ಕೈ ಎತ್ತಿ ಹಿಡೀರಿ. ಎಲ್ಲಿಗೆ ಕೊಂಡೋಗ್ತದೋ ಹೋಗ್ಲಿ. ಯಾರಾದ್ರೂ ಬರ್ತಾರೆ." ಮೂರು ಸಲ ಮಾಡಿಸಿದರು. ಹಾಸನದಿಂದ ಬಂದಿದ್ದ ಒಬ್ಬ ಹುಡುಗಿಗೆ ನಗು ತಡೆಯಲಾಗಲಿಲ್ಲ. ಅವಳಿಗೆ ನಾಲ್ಕನೇ ಸಲವೂ ಮಾಡಿಸಿದರು. "ಅಕ್ಕನ ಯೋಗ ಕ್ಲಾಸ್" ಎಂದು ಅಧ್ಯಕ್ಷ ಮೈಕಿನಲ್ಲಿ ಹೇಳಿದಾಗ ಇಡೀ ಸಭೆ ನಕ್ಕಿತು. ನಾನೂ ನಕ್ಕಿರಬೇಕು. ಆ ದಿನ ಅವರು ಕುಣಿಯಲಿಲ್ಲ.

ಅಕ್ಟೋಬರಿನಲ್ಲಿ ಇಲ್ಲಿ ಬೆಳಿಗ್ಗೆ ಏಳೂವರೆಗೂ ಬೆಳಕು ಪೂರ್ತಿ ಹರಿದಿರುವುದಿಲ್ಲ. ಹೊಸಬರ ಸಾಲು ಮರಳದಿಬ್ಬದ ನಡುವಿನ ಕಾಲುದಾರಿಯಲ್ಲಿ ಮುಂದೆ ಹೋಗುತ್ತಿತ್ತು. ಅಧ್ಯಕ್ಷ ಎಲ್ಲರಿಗಿಂತ ಮುಂದೆ. ಅಕ್ಕ ಮತ್ತು ನಾನು ಟವೆಲುಗಳನ್ನು ಹೊತ್ತು ಎಲ್ಲರಿಗಿಂತ ಹಿಂದೆ. ಹಿಂದಿನ ದಿನದಿಂದ ನಾವು ಒಂದು ಮಾತೂ ಆಡಿರಲಿಲ್ಲ. ಗಾಳಿ ಮುಖಕ್ಕೆ ಮರಳು ಎರಚುತ್ತಿತ್ತು. ದಿಬ್ಬದ ಆಚೆಯಿಂದ ನೀರಿನ ಸದ್ದು ಬರುತ್ತಿತ್ತು, ಹಿಂದಿನ ವರ್ಷಕ್ಕಿಂತ ದೊಡ್ಡದಾಗಿ.

ದಿಬ್ಬದ ನೆತ್ತಿಯಲ್ಲಿ ಅಕ್ಕ ನಿಂತರು. ಸಮುದ್ರವನ್ನು ನೋಡಿದರು. ಟವೆಲುಗಳನ್ನು ಕೆಳಗೆ ಹಾಕಿ ಫೋನ್ ತೆಗೆದು ತುರ್ತು ಸಹಾಯದ ಸಂಖ್ಯೆ ಒತ್ತಿದರು. ಇಂಗ್ಲಿಷಿನಲ್ಲಿ, ಏದುಸಿರಿನಲ್ಲಿ, ಜಾಗದ ಗುರುತು ಹೇಳಿ, ಸಮುದ್ರದಲ್ಲಿ ಜನ ಸಿಕ್ಕಿಬಿದ್ದಿದ್ದಾರೆ, ಬೇಗ ಬನ್ನಿ ಎಂದರು.

ಸಾಲು ಇನ್ನೂ ಒಣ ಮರಳಿನ ಮೇಲಿತ್ತು.

"ಅಕ್ಕಾ! ಏನ್ ಮಾಡ್ತಿದ್ದೀರಾ? ಯಾರೂ ಇನ್ನೂ ನೀರಿಗೇ ಇಳಿದಿಲ್ಲ!"

"ಇಳೀತಾರಲ್ಲ."

"ಸುಳ್ಳು ಕಾಲ್ ಅಂತ ಪೊಲೀಸ್ ಕೇಸ್ ಆಗತ್ತೆ. ನಿಮ್ಮ ಪರ್ಮಿಟ್..."

"ಗೊತ್ತುಂಟು ಮಾರಾಯ, ಗೊತ್ತುಂಟು" ಎಂದರು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಇಳಿಜಾರಿನಲ್ಲಿ ಓಡತೊಡಗಿದರು.

ಅವರು ಕೂಗಿದ್ದು ಗಾಳಿಗೆ ಯಾರಿಗೂ ಕೇಳಿಸಲಿಲ್ಲ. ನಾವು ತಲುಪುವಷ್ಟರಲ್ಲಿ ಇಪ್ಪತ್ತೆರಡು ಜನ ಎದೆಮಟ್ಟದ ನೀರಿನಲ್ಲಿದ್ದರು. ಒಂದು ಸಲ ಸಂಘದ ಹೆಸರು ಕೂಗಿದ್ದು ಕೇಳಿಸಿತು. ಎರಡನೆಯದು ಅರ್ಧಕ್ಕೆ ನಿಂತಿತು. ಸಾಲಿನ ಬಲತುದಿ ಇದ್ದಕ್ಕಿದ್ದಂತೆ ಆಳಕ್ಕೆ ಜಾರಿತು. ನಾಲ್ಕೈದು ಜನ ಒಬ್ಬರ ಮೇಲೊಬ್ಬರು ಬಿದ್ದು, ಕಿರುಚಿ, ಹೇಗೋ ದಡದ ಕಡೆ ತೆವಳಿದರು. ಅಧ್ಯಕ್ಷ "ಕೈ ಬಿಡ್ಬೇಡಿ, ಕೈ ಬಿಡ್ಬೇಡಿ" ಎಂದು ಕೂಗುತ್ತಲೇ ಇದ್ದ. ಆದರೆ ಒಂದು ಕೈ ಆಗಲೇ ಬಿಟ್ಟುಹೋಗಿತ್ತು. ಹಾಸನದ ಹುಡುಗಿ. ಅವಳ ತಲೆ ಮೂವತ್ತು ಅಡಿ ದೂರದಲ್ಲಿ ಕಂಡಿತು. ಮತ್ತೆ ನೋಡಿದಾಗ ಅದರ ಎರಡರಷ್ಟು. ಅವಳು ನಮ್ಮ ಕಡೆಗೆ ಕೈಬೀಸಿ ಈಜುತ್ತಿದ್ದಳು, ಆದರೂ ಹಿಂದೆ ಹಿಂದೆ ಹೋಗುತ್ತಿದ್ದಳು. ನಾನು ಅಂಥದ್ದನ್ನು ನೋಡಿರಲಿಲ್ಲ. ಟವೆಲು ಹಿಡಿದು ದಡದಲ್ಲೇ ನಿಂತಿದ್ದೆ.

ಅಕ್ಕ ಮೊಣಕಾಲಿನ ನೀರಿಗೆ ಹೋಗಿ ನಿಂತರು. ಅದಕ್ಕಿಂತ ಮುಂದೆ ಹೋಗಲಿಲ್ಲ. ಅವರಿಗೆ ಈಜು ಬರುತ್ತಿರಲಿಲ್ಲ. ಆ ಸಣ್ಣ ದೇಹದಿಂದ ಅಂಥ ದನಿ ಹೇಗೆ ಬಂತೋ: "ಈಜ್ಬೇಡ! ಮಲಗು! ಮಲಗು ಮಗಾ! ನಿನ್ನೆ ಮಲಗಿದ ಹಾಗೆ!"

ಎಷ್ಟು ಸಲ ಕೂಗಿದರೋ. ಒಂದು ಅಲೆ ಅವಳ ಮೇಲಿಂದ ಹೋಯಿತು. ಅವಳು ಕಾಣಲಿಲ್ಲ. ನನ್ನ ಪಕ್ಕದಲ್ಲಿದ್ದ ಯಾರೋ ಅಳಲು ಶುರುಮಾಡಿದರು. ಆಮೇಲೆ ಬೂದುಬಣ್ಣದ ನೀರಿನ ಮೇಲೆ ಒಂದು ಕೈ ನೆಟ್ಟಗೆ ಎದ್ದು ನಿಂತಿತು. ಅವಳು ಅಂಗಾತ ಮಲಗಿದ್ದಳು.

ರಕ್ಷಣಾ ದೋಣಿ ಬಂದದ್ದು ಯಾವ ಕಡೆಯಿಂದ ಎಂದು ನಾನು ಗಮನಿಸಲಿಲ್ಲ. ಕಿತ್ತಳೆ ಬಣ್ಣದ್ದು ಏನೋ ಅಲೆಗಳ ಮೇಲೆ ಹಾರಿ ಬಂದು ಆ ಕೈಯ ಹತ್ತಿರ ನಿಧಾನವಾಯಿತು. ಅವಳನ್ನು ಮೇಲೆತ್ತಿಕೊಂಡದ್ದನ್ನು ಕಂಡ ಮೇಲೆ ಅಕ್ಕ ನೀರಿನಲ್ಲೇ ಕುಕ್ಕರಿಸಿ ಕೂತುಬಿಟ್ಟರು. ನಾನೂ ಇನ್ನೊಬ್ಬಳೂ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಹುಡುಗಿ ಎರಡು ದಿನ ಆಸ್ಪತ್ರೆಯಲ್ಲಿದ್ದು ಹುಷಾರಾಗಿ ಬಂದಳು. ಆದರೆ ಆ ಬೆಳಿಗ್ಗೆ ಅದು ನಮಗೆ ಗೊತ್ತಿರಲಿಲ್ಲ. ಆಂಬುಲೆನ್ಸ್ ಹೋದ ಮೇಲೆ ರಕ್ಷಣಾ ತಂಡದ ಎತ್ತರದ ಹೆಂಗಸೊಬ್ಬರು ಫೋನ್ ಮಾಡಿದವರು ಯಾರು ಎಂದು ಕೇಳಿಕೊಂಡು ಬಂದರು. ಅಕ್ಕ ಕೈಯೆತ್ತಿದರು. ನೀವು ಕರೆ ಮಾಡಿದ ಹೊತ್ತಿಗೂ ಹುಡುಗಿ ಕೊಚ್ಚಿಹೋದಳೆಂದು ಇವರೆಲ್ಲ ಹೇಳುವ ಹೊತ್ತಿಗೂ ತಾಳೆಯಾಗುತ್ತಿಲ್ಲವಲ್ಲ ಎಂದರು ಆ ಹೆಂಗಸು. ಗಾಬರಿಯಲ್ಲಿ ಗೊತ್ತಾಗಲಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ಅಕ್ಕ ಹಾಗೆ ಹೇಳಲಿಲ್ಲ.

"ನಾನು ಕರೆ ಮಾಡಿದಾಗ ನೀರಿನಲ್ಲಿ ಯಾರೂ ಇರಲಿಲ್ಲ. ಸುಳ್ಳು ಹೇಳಿದೆ. ನನಗೆ ಭಯವಾಗಿತ್ತು."

ಆ ಹೆಂಗಸು ತಮ್ಮ ಪುಸ್ತಕ ತೆರೆದರು. ಏನೋ ಬರೆದುಕೊಂಡರು. ಹೆಸರು, ವಿಳಾಸ ಕೇಳಿ ಅದನ್ನೂ ಬರೆದುಕೊಂಡರು. ಹೋಗುವಾಗ ತಮ್ಮ ಒಣ ಕೋಟನ್ನು ಅಕ್ಕನ ಹೆಗಲಿಗೆ ಹಾಕಿ, ಶಿಬಿರದಲ್ಲಿ ಬಿಟ್ಟುಹೋಗಿ, ಆಮೇಲೆ ಯಾರಾದರೂ ಬಂದು ತೆಗೆದುಕೊಳ್ಳುತ್ತಾರೆ ಎಂದರು.

ಮಧ್ಯಾಹ್ನ ಸಮಾರೋಪದ ಕಲಾಪ ನಡೆಯಲೇಬೇಕಿತ್ತು, ಚುನಾವಣೆಯ ಫಲಿತಾಂಶ ಹೇಳಬೇಕಿತ್ತು. ಅದಕ್ಕೆ ಮೊದಲು ಅಧ್ಯಕ್ಷ ಅಕ್ಕನ ಹತ್ತಿರ ಬಂದ. ಅವನ ನಗೆ ಎಲ್ಲೋ ಹೋಗಿತ್ತು. "ಅಕ್ಕ, ಪ್ಲೀಸ್. ಮಿನಿಟ್ಸಲ್ಲಿ ಇದು ಬೇಡ. ನಾಳೆ ಯಾರ ಯಾರ ಕೈಗೆ ಹೋಗತ್ತೋ. ಎಲ್ಲರ ಫ್ಯೂಚರ್ ಇದೆ."

"ನನಗೂ ಹೆದರಿಕೆ ಉಂಟು. ನಿನಗಿಂತ ಹೆಚ್ಚು ಉಂಟು" ಎಂದರು ಅಕ್ಕ. "ಬರೆದಾಗಿದೆ."

ಸಭೆಯಲ್ಲಿ ನಿಂತು ಪೂರ್ತಿ ಓದಿದರು. ಬಿದ್ದುಹೋದ ನಿರ್ಣಯ, ಬೆಳಗಿನ ಘಟನೆ, ಕಾರ್ಯದರ್ಶಿ ಮಾಡಿದ ಸುಳ್ಳು ಕರೆ, ಎಲ್ಲ. ಅಲ್ಲಲ್ಲಿ ನಿಂತು ನೀರು ಕುಡಿದರು. ಯಾರೂ ತಕರಾರು ಎತ್ತಲಿಲ್ಲ. ಮುಂದಿನ ವರ್ಷ ಶಿಬಿರದ ಯಜಮಾನರೇ ನೀವು ಯಾರನ್ನೂ ಸಮುದ್ರಕ್ಕೆ ಇಳಿಸುವುದಿಲ್ಲವೆಂದು ಬರೆದುಕೊಟ್ಟರೆ ಮಾತ್ರ ಜಾಗ ಕೊಡುತ್ತೇನೆ ಎಂದರು. ಯಾವ ನಿರ್ಣಯವೂ ಇಲ್ಲದೆ ಆ ಪದ್ಧತಿ ನಿಂತುಹೋಯಿತು.

ಅಧ್ಯಕ್ಷ ಮಾತಿಗೆ ತಪ್ಪಲಿಲ್ಲ. ಸೋಮವಾರವಲ್ಲದಿದ್ದರೂ ಆ ವಾರದಲ್ಲೇ ತನ್ನ ಮ್ಯಾನೇಜರ್ ಹತ್ತಿರ ಮಾತಾಡಿದ. ಆ ಕೆಲಸ ನನಗೆ ಸಿಕ್ಕಿತು. ಈಗಲೂ ಅಲ್ಲೇ ಇದ್ದೇನೆ, ಈಗ ಮನೆಯೂ ಬೆಸ್ಟ್‌ನಲ್ಲೇ.

ಅಕ್ಕ ಮಾತ್ರ ಆ ಚಳಿಗಾಲವಿಡೀ ಕಾಗದಕ್ಕಾಗಿ ಕಾದರು. ದಂಡವೋ, ಪೊಲೀಸರ ಕರೆಯೋ, ಪರ್ಮಿಟ್ ರದ್ದೋ. ದಿನಾ ಲ್ಯಾಬಿನಿಂದ ಬಂದು ಅಂಚೆ ಪೆಟ್ಟಿಗೆಯ ಮುಂದೆ ಕೋಟು ಬಿಚ್ಚದೆ ನಿಲ್ಲುತ್ತಿದ್ದರಂತೆ. ತೂಕ ಇಳಿಯಿತು. ಕಾಗದ ಬರಲೇ ಇಲ್ಲ. ಬಂದಿದ್ದರೆ ಒಡೆದು ಓದಲು ನಾನಿದ್ದೆ. ಬರದ ಕಾಗದಕ್ಕೆ ನಾನೇನೂ ಮಾಡುವಂತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಪಿಎಚ್.ಡಿ. ಮುಗಿಸಿ ಡೆನ್ಮಾರ್ಕಿಗೆ ಕೆಲಸಕ್ಕೆ ಹೊರಟರು. ಸೂಟ್‌ಕೇಸ್ ಎಳೆದುಕೊಂಡು ವೂರ್‌ಬರ್ಗ್ ಸ್ಟೇಷನ್ನಿನವರೆಗೆ ನಾನು ಜೊತೆಗೆ ಹೋದೆ. ರೈಲಿಗೆ ಆರು ನಿಮಿಷವಿತ್ತು. ಇಷ್ಟು ತಿಂಗಳು ನುಂಗಿಕೊಂಡಿದ್ದನ್ನು ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎನಿಸಿತು.

"ಅಕ್ಕ, ಆವತ್ತು ನಾನು ಕೈ ಎತ್ತಬೇಕಿತ್ತು. ನೀವು ನನ್ನನ್ನ ನಂಬ್ಕೊಂಡಿದ್ರಿ. ಹೆದರಿಬಿಟ್ಟೆ."

ಅವರು ಸಿಟ್ಟಾಗುತ್ತಾರೆ, ಇಲ್ಲವೇ ಹೋಗಲಿ ಬಿಡು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು.

"ನಿನ್ನ ಹತ್ರ ಮಾತ್ರ ಕೇಳಿದ್ದೆ ಅಂತ ತಿಳ್ಕೊಂಡಿದ್ಯಾ? ನನಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು? ಐದು ಜನರ ಹತ್ರ ಕೇಳಿದ್ದೆ, ಬೇರೆ ಬೇರೆಯಾಗಿ. ಒಬ್ಬ ಹೆದರಿದ್ರೂ ಇನ್ನೊಬ್ಬ ಇರ್ತಾನಲ್ಲ ಅಂತ. ಐದು ಜನವೂ ಖಂಡಿತ ಅಂದಿದ್ರು."

ರೈಲು ಬಂತು. ಬಾಗಿಲು ಮುಚ್ಚುವಾಗ ಅವರು ದುಪಟ್ಟಾ ಒಳಗೆಳೆದುಕೊಂಡು ಕೈಬೀಸಿದರು.

ಉಳಿದ ನಾಲ್ವರು ಯಾರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಘದ ಹಳಬರೆಲ್ಲ ಈಗಲೂ ದೀಪಾವಳಿಗೋ ಯಾರದೋ ಗೃಹಪ್ರವೇಶಕ್ಕೋ ಸೇರುತ್ತೇವೆ. ಯಾರೋ ಒಬ್ಬರು ಅಕ್ಕನ ಮಾತೆತ್ತುತ್ತಾರೆ. ಆಗ ನಾನು ತಟ್ಟೆಯಿಂದ ತಲೆಯೆತ್ತಿ ಸುತ್ತಲಿನ ಮುಖಗಳನ್ನು ನೋಡುತ್ತೇನೆ. ಒಂದಿಬ್ಬರು ನನ್ನ ಹಾಗೆಯೇ ಸುತ್ತ ನೋಡುತ್ತಿರುತ್ತಾರೆ.